ಮೈಲುತುತ್ತದ ಹಳ್ಳ

“ಏ ಈರಾ, ನಿನ್ ಕುಂಡೆ ತೊಳ್ದ ನೀರೇ ಕುಮಟೆ ಪ್ಯಾಟಿಯವ್ರು ಕುಡೂದು, ಗೊತ್ತಾತಾ?”

ಶಾಮಿಯಾನದಡಿ ಗೊಳ್ಳೆಂದು ನಗೆ ಎದ್ದಿತು. ಹೇಳಿದವರು ವಿಘ್ನೇಶ್ವರ ಹೆಗಡೆಯವರು. ಕತಗಾಲದ ಮೇಲಿನ ಘಟ್ಟದ ತೋಟದ ಒಡೆಯರು, ಇವತ್ತಿನಿಂದ ನದಿಮೂಲ ರಕ್ಷಣಾ ಸಮಿತಿಯ ಅಧ್ಯಕ್ಷರು. ಪರಿಸರ ದಿನಕ್ಕೆಂದು ಜೀಪಿನಲ್ಲಿ ಬಂದಿದ್ದ ಸಾಹೇಬರು ನಕ್ಕ ರಭಸಕ್ಕೆ ಬಾಟಲಿ ನೀರು ಮೂಗಿಗೇರಿ ಕೆಮ್ಮಿದರು. ನದಿ ಹುಟ್ಟುವ ಜಾಗದಲ್ಲೇ ಕೂತು ಬಾಟಲಿ ನೀರು ಕುಡಿಯುವಷ್ಟು ಗೌರವ ಅವರಿಗೆ ನದಿಯ ಮೇಲೆ.

ಈರ ಶಾಮಿಯಾನದ ಆಚೆ, ಮೈಲುತುತ್ತ ಸುಣ್ಣ ಕಲಸಿದ ಡ್ರಮ್ಮಿನ ಪಕ್ಕ ನಿಂತಿದ್ದ. ಮೊಣಕೈವರೆಗೂ ನೀಲಿ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆ ಹಿಡಿಯುವ ಮೊದಲೇ ಮರಮರ ಹತ್ತಿ ಈ ಮದ್ದು ಹೊಡೆಯಬೇಕು. ಕಲಸಿದ್ದು ನಾಳೆಗೆ ಬಾರದು. ಆ ಊರಿನಲ್ಲಿ ಮರ ಹತ್ತುವವನು ಅವನೊಬ್ಬನೇ ಉಳಿದಿದ್ದ.

ಸಾಹೇಬರು ಸಮಿತಿಯ ತೀರ್ಮಾನ ಹೇಳಿದರು. ತೋಟದ ಕೆಳಗಿನ ಕೇರಿಯವರು ಮಿಂದು, ಬಟ್ಟೆ ಒಗೆದು ನದಿಯ ಮೂಲವಾದ ಈ ಹಳ್ಳ ಕೆಡಿಸುತ್ತಿದ್ದಾರೆ. ನಾಳೆಯಿಂದ ಹಳ್ಳಕ್ಕೆ ತಂತಿಬೇಲಿ. ಕೇರಿಯವರು ಒಂದು ಕೊಡವನ್ನೂ ಮುಳುಗಿಸುವಂತಿಲ್ಲ.

ನೀರಿಗೆ ಹೊರಟಿದ್ದ ಈರನ ಹೆಂಡತಿ ಲಕ್ಕಿ, ಕಂಕುಳಲ್ಲಿ ಕೊಡ ಇಟ್ಟುಕೊಂಡೇ ಮುಂದೆ ಬಂದಳು.

“ಹಂಗಾರೆ ನಾವು ಎಂತಾ ಕುಡೂದು ಒಡ್ಯಾ? ನಿಮ್ ಉಚ್ಚೆನಾ?”

“ಬಾಯ್ಮುಚ್ಚೇ ರಂಡೆ! ಟ್ಯಾಂಕರ್ ಬರ್ತದೆ,” ಹೆಗಡೆಯವರು ಗದರಿದರು.

“ನಮ್ ಕೇರಿಗೆ ಸೈಕಲ್ಲೇ ಇಳೂದಿಲ್ಲ, ಟ್ಯಾಂಕರ್ ಅಂತೆ! ಮದ್ದಿನ ಡ್ರಮ್ಮು ತೊಳ್ಸೂದು ಎಲ್ಲಿ, ಅದ್ನ ಹೇಳಿ. ಹೋದ್ವರ್ಷ ಮೀನೆಲ್ಲ ಹೊಟ್ಟೆ ಮೇಲೆ ಮಾಡ್ಕಂಡು ತೇಲಿದ್ವು. ನನ್ ಮಗು ವಾಂತಿ ಮಾಡಿ ಮಾಡಿ ಕಡ್ಡಿ ಆತು.”

ಹೆಗಡೆಯವರು ಸಾಹೇಬರತ್ತ ತಿರುಗಿ ಕರುಣೆಯಿಂದ ನಕ್ಕರು. “ಕಂಡ್ರಾ ಸಾರ್, ಇವ್ರ ತಿಳಿವಳಿಕೆ? ಅದು ಔಷಧ. ಔಷಧದಿಂದ ಎಲ್ಲಾದ್ರೂ ನೀರು ಹೊಲಸಾಗ್ತದಾ?”

“ಛೇ ಛೇ,” ಎಂದರು ಸಾಹೇಬರು. “ಹೊಲಸು ಅಂದ್ರೆ ಮೈಕೊಳೆ.”

ಚಪ್ಪಾಳೆ ಬಿತ್ತು. ಗಂಗಾಪೂಜೆ ಮುಗಿಸಿದ ಭಟ್ಟರು ಹಳ್ಳದ ನೀರನ್ನೇ ತೀರ್ಥವೆಂದು ತಂಬಿಗೆಯಲ್ಲಿ ತಂದರು. ದೊಡ್ಡವರೆಲ್ಲ ಭಕ್ತಿಯಿಂದ ಅಂಗೈಯೊಡ್ಡಿದರು, ತುಟಿಯವರೆಗೂ ತಂದರು, ಅಲ್ಲಿಂದ ಜಾಣತನದಲ್ಲಿ ತಲೆಗೆ ಸವರಿಕೊಂಡರು. ಯಾರ ಗಂಟಲೂ ಅಲುಗಲಿಲ್ಲ. ಈರ ಒಬ್ಬೊಬ್ಬರ ಗಂಟಲನ್ನೂ ನೋಡಿದ.

ಪಡುವಣದಲ್ಲಿ ಗುಡುಗಿತು. ಹೆಗಡೆಯವರಿಗೆ ನದಿ ಮರೆತು ತೋಟ ನೆನಪಾಯಿತು.

“ಏ ಈರಾ, ಮಳೆ ಬಂತು! ಮರ ಹತ್ತೋ ಬೇಗ. ಡ್ರಮ್ಮು ಕಡಿಗೆ ಹಳ್ಳದಲ್ಲಿ ತೊಳದ್ರೆ ಆತು.”

ಈರ ಸೊಂಟದ ಹಗ್ಗ ಬಿಚ್ಚಿ ಎಸೆದ. ಡ್ರಮ್ಮನ್ನು ವಾಲಿಸಿ, ಬುಡದ ಮೇಲೆ ತಿರುಗಿಸುತ್ತ ತಿರುಗಿಸುತ್ತ ತಂದು ಸಾಹೇಬರ ಮೇಜಿಗೆ ತಾಗಿಸಿ ನಿಲ್ಲಿಸಿದ. ಮದ್ದು ತುಳುಕಿ ಅವರ ಬಿಳಿ ಪ್ಯಾಂಟಿಗೆ ಸಿಡಿಯಿತು.

“ಅಯ್ಯಯ್ಯೋ, ವಿಷ! ವಿಷ ತಾಗ್ತು!” ಸಾಹೇಬರು ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು.

“ಎಂತದೋ ಇದು ಬೋಳಿಮಗನೇ? ಇಷ್ಟು ಮದ್ದು ಈಗ ಎಲ್ಲಿ ಚೆಲ್ಲೂದೋ?” ಹೆಗಡೆಯವರು ಅರಚಿದರು.

ಈರ ಲಕ್ಕಿಯ ಕೈಯಿಂದ ಕೊಡ ಇಸಿದುಕೊಂಡ. ತೋಟದ ಮೇಲ್ಗಡೆ, ಹೆಗಡೆಯವರ ಮನೆಗೆ ಮಾತ್ರ ನೀರು ಹರಿಯುವ ಒರತೆಯಿತ್ತು. ಕೇರಿಯವರು ಯಾರೂ ಈವರೆಗೆ ಮುಟ್ಟದ ನೀರು.

“ಏ, ಎಲ್ಲಿಗೋ? ನಿಂಗೇ ಕೇಳಿದ್ದು!”

ಅವನು ಕೊಡವನ್ನು ಹೆಗಲಿಗೇರಿಸಿ ಒರತೆಯತ್ತ ಗುಡ್ಡ ಏರತೊಡಗಿದ.