ಬೀರಮ್ಮನ ಹೆಬ್ಬೆರಳು

ಸಣ್ಣ ಗಾಯ ಎಷ್ಟು ದಿನಕ್ಕೆ ಮಾಯಬೇಕು? ಎಂಟು ದಿನ, ಹೆಚ್ಚೆಂದರೆ ಹದಿನೈದು. ಮಹಾರಾಜರ ಕಾಲದಲ್ಲಿ ಬೈರಾಪಟ್ಟಣದ ಬೀರಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುವಾಗ ಹೆಬ್ಬೆರಳು ಕುಯ್ದುಕೊಂಡಳು. ತಿಂಗಳು ಕಳೆದರೂ ಕೀವು ನಿಲ್ಲಲಿಲ್ಲ. ಚನ್ನಪಟ್ಟಣದ ದವಾಖಾನೆಯ ನರ್ಸು ಹಾಜಿರಾ ವಾರಕ್ಕೆರಡು ಸಲ ಬಂದು ತೊಳೆದು ಕಟ್ಟುತ್ತಿದ್ದಳು. ಹೀಗೇ ಆದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಆವತ್ತು ಹಾಜಿರಾ ಪಟ್ಟಿ ಬಿಚ್ಚುತ್ತಿದ್ದಾಗ ಅತ್ತೆ ಅಂಬಮ್ಮ ಶುರು ಮಾಡಿದಳು. "ಸುಮ್ಕೆ ಯಾಕ್ ತೊಳೀತೀಯ ಬೂವಮ್ಮ? ಎರಡೂ ಹೆಣ್ಣೇ ಹೆತ್ತವ್ಳೆ. ಸೋಮ್ವಾರ ಮಾಗಡಿಗೋಗಿ ನಮ್ ಹೊನ್ನಯ್ಯಂಗೆ ಬ್ಯಾರೆ ಹೆಣ್ಣು ನೋಡ್ಕೊಂಡ್ ಬತ್ತೀನಿ."

ಬೀರಮ್ಮನ ಕೈ ತಣ್ಣಗಾಯಿತು. "ದಿನಾ ಹಿಂಗೇ ಅಂತಾರಾ?" ಎಂದಳು ಹಾಜಿರಾ.

"ದಿನಕ್ ನಾಕ್ ಸಲ ಕಣಕ್ಕ. ನಿದ್ದೇನೇ ಬರಾಕಿಲ್ಲ."

ಅಷ್ಟರಲ್ಲಿ ಗಂಡ ಹೊನ್ನಯ್ಯ ಬೀಡಿ ಕಚ್ಚಿಕೊಂಡು ಹುಳದ ಕೋಣೆಯ ಹತ್ತಿರ ಬಂದ. ಅಂಬಮ್ಮ ಸಿಡುಕಿದಳು. "ಆಚೆ ಹೋಗ್ಲಾ. ಹೊಗೆ ತಾಕ್ತದೆ. ಗಟ್ಟಿಯಾಗೂ ಮಾತಾಡ್ಬ್ಯಾಡ. ಬೆದರಿದ್ ಹುಳಕ್ಕೆ ಬ್ಯಾಗ್ನೆ ರೋಗ ಅಂಟ್ಕತದೆ."

ಹಾಜಿರಾಗೆ ಮೈಯೆಲ್ಲ ಉರಿದುಹೋಯಿತು. ಹುಳಕ್ಕಿರುವ ಮರ್ಯಾದೆ ಈ ಮನೆಯಲ್ಲಿ ಹೆಣ್ಣುಮಗಳಿಗಿಲ್ಲವಲ್ಲ.

"ಅಂಬಕ್ಕ, ಹುಳದ ಹೆದ್ರಿಕೆ ನಿಮ್ಗೆ ತಿಳೀತದೆ. ಸೊಸೇದು ತಿಳಿಯಾಕಿಲ್ವಾ? ಹಿಂಗೆ ಹೆದರ್ಸಿದ್ರೆ ಗಾಯ ಮಾಯೋದೆಂಗೆ?"

"ಮಾತಿಂದ ಎಲ್ಲಾರಾ ಕೀವಾಯ್ತದಾ?"

"ಕೀವು ಮಾಡೋದು ಕ್ರಿಮಿ. ಅದನ್ನ ಕೊಲ್ಲೋ ಬಿಳಿ ಕಣ ರಕ್ತದಾಗವೆ. ಹಗ್ಲೂ ರಾತ್ರಿ ಹೆದರ್ಕೊಂಡಿದ್ರೆ ಮೈಗೆ ಶಕ್ತಿ ಎಲ್ಲಿ ಬತ್ತದೆ? ಇಂಥವ್ರನ್ನ ಎಷ್ಟೋ ಜನ ನೋಡಿವ್ನಿ. ನಾನು ತೊಳ್ದು ಹೋಗೋದು, ನೀವು ಕೆಡ್ಸೋದು. ಬೆರಳು ಹೋದ್ರೆ ನಿಮ್ಗೂ ಅದ್ರಲ್ಲಿ ಪಾಲೈತೆ."

ಹಾಜಿರಾ ಕಣ್ಣಾರೆ ಕಂಡದ್ದಕ್ಕೆ ಇಂದಿನ ವೈದ್ಯರು ಕಾರಣ ಹೇಳುತ್ತಾರೆ. ಹೆದರಿದಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ. ಒಂದು ಗಳಿಗೆಗಾದರೆ ಅದರಿಂದ ಉಪಕಾರವೇ. ತಿಂಗಳುಗಟ್ಟಲೆ ಹೆಚ್ಚೇ ಇದ್ದರೆ ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳ ಕೆಲಸ ಕುಂದುತ್ತದೆ, ಗಾಯ ಮಾಯುವುದು ತಡವಾಗುತ್ತದೆ.

ಹೊನ್ನಯ್ಯ ಬೀಡಿ ಎಸೆದ. "ಅವ್ವ, ಮಾಗಡಿ ಮಾತು ಇಲ್ಲಿಗೆ ನಿಲ್ಲಿಸ್ಬುಡು. ನಾನೂ ಬಾಯ್ ಮುಚ್ಕೊಂಡಿದ್ದು ತಪ್ಪೇಯ."

ಅಂಬಮ್ಮ ಮುಖ ಊದಿಸಿಕೊಂಡಳು, ಆದರೆ ಸೋಮವಾರ ಮಾಗಡಿಗೆ ಹೋಗಲಿಲ್ಲ. ಹಾಜಿರಾ ತೊಳೆದು ಕಟ್ಟುವುದನ್ನು ಬಿಡಲಿಲ್ಲ. ಬೀರಮ್ಮನಿಗೆ ನಿದ್ದೆ ಬಂತು, ಊಟ ಸೇರಿತು. ಇಪ್ಪತ್ತು ದಿನಕ್ಕೆ ಕೀವು ನಿಂತು ಹೊಸ ಚರ್ಮ ಕಾಣಿಸಿತು. "ನನ್ ಬಾಯೇ ಕೆಟ್ಟದ್ದು ಕಣೆ ಬೀರಿ," ಎಂದು ಅಂಬಮ್ಮ ಒಪ್ಪಿಕೊಂಡಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಗಾಯ ಮಾಯದಿದ್ದರೆ, ಜ್ವರ ಮರುಕಳಿಸಿದರೆ ಆಸ್ಪತ್ರೆಯಲ್ಲಿ ತೋರಿಸಿ, ಔಷಧಿ ಬಿಡಬೇಡಿ. ಮನೆಗೆ ಬಂದ ಮೇಲೆ ಕಾಯಿಲೆಬಿದ್ದ ಜೀವವನ್ನು ಪಕ್ಕಕ್ಕೆ ಕರೆದು, ಯಾರ ದನಿ ಕೇಳಿದರೆ ಎದೆ ನಡುಗುತ್ತದೆ ಎಂದು ಕೇಳಿ. ಅದು ನಿಮ್ಮ ದನಿಯೇ ಆಗಿದ್ದರೆ ಇವತ್ತೇ ತಗ್ಗಿಸಿ.