ಹತ್ತು ನಿಮಿಷದ ಕತ್ತಲು

ದೀಪದ ಬುಡದಲ್ಲಿ ಮತ್ತೊಂದು ದೀಪ ಅಂತ ಗಾದೆ. ಗಾದೆ ಹಾಗಲ್ಲ ಅನ್ನುವವರು ಈ ಊರಿನ ಹಳೇ ಬುರುಜು ನೋಡಿದವರಲ್ಲ. ಆದರೆ ಈ ಕಥೆ ಮಾತ್ರ ಸತ್ಯ, ನಡೆದದ್ದು ನಡೆದ ಹಾಗೆ.

ಬುರುಜಿಗೆ ಅರವತ್ತು ಫ್ಲಡ್‌ಲೈಟು. ಸಂಜೆಯಾದರೆ ಕಲ್ಲೆಲ್ಲ ಸುಣ್ಣದಂತೆ ಬಿಳಿ. ಆಕಾಶದಲ್ಲಿ ಹೇಳಿಕೊಳ್ಳಲೂ ಒಂದು ಚುಕ್ಕಿ ಇಲ್ಲ. ಸ್ವಿಚ್ಚಿನ ಬೀಗದ ಕೈ ಪುರಸಭೆಯ ಲೈಟ್ ಇಂಜಿನಿಯರನ ಸೊಂಟದಲ್ಲಿ. ಊರು ಅವನನ್ನು ಕರೆಯುವುದೇ ಹಗಲಪ್ಪ ಎಂದು. ಮನೆ ಬುರುಜಿನ ಬುಡದಲ್ಲೇ; ಮಗಳು ಮಲಗುವ ಕೋಣೆ ಆ ಗೋಡೆಗೇ ಆತುಕೊಂಡಿತ್ತು.

ಮೂರು ದಿನದಿಂದ ಆ ಕೋಣೆಯ ಕಿಟಕಿಯ ಮೇಲೆ ಗಾರೆಯ ಪುಡಿ ಉದುರುತ್ತಿತ್ತು.

"ಗೋಡೆ ಹೊಟ್ಟೆ ಬಿಟ್ಟಿದೆಯೋ ಏನೋ ಅಪ್ಪಾ," ಎಂದ ಮುದಿ ಗಾರೆ ಮೇಸ್ತ್ರಿ. "ಈ ಮಗ್ಗುಲಿಗೆ ಬಿಸಿಲು ಬೀಳಲ್ಲ. ನಿನ್ನ ಲೈಟೋ, ಮುಖಕ್ಕೆ ಪೌಡರ್ ಮೆತ್ತಿದ ಹಾಗೆ, ಉಬ್ಬು ತಗ್ಗು ಒಂದೂ ಕಾಣಲ್ಲ. ಹತ್ತು ನಿಮಿಷ ಆರಿಸು. ಟಾರ್ಚನ್ನ ಗೋಡೆಗೆ ಆನಿಸಿ ಹಿಡಿದ್ರೆ ನೆರಳೇ ಬಾಯಿ ಬಿಡ್ತದೆ."

"ಅದನ್ನ ಆರಿಸಿದ್ರೆ ನನ್ನ ಕೆಲಸಾನೂ ಆರಿಹೋಗ್ತದೆ. ಅಧ್ಯಕ್ಷರ ಅಪ್ಪಣೆ ಬೇಕು."

"ಅಪ್ಪಣೆ ತಾನೇ ಭಾವ?" ಹೆಂಡತಿಯ ತಮ್ಮ ಹಲ್ಲು ಕಿರಿದು ಎದ್ದುಹೋದ.

ಏಳು ಗಂಟೆಗೆ ಗುರುತಿಲ್ಲದ ನಂಬರಿನಿಂದ ಫೋನು. ಅಧ್ಯಕ್ಷರ ಹಾಗೇ ಮೂಗಿನಿಂದ ಹೊರಟ ದನಿ: "ಏನ್ರೀ, ಹ್ಞಾಂ? ಹತ್ತು ನಿಮಿಷ ಬುರುಜು ಆರಿಸ್ರೀ! ಯಾಕೆ ಅಂತ ಕೇಳೋಕೆ ನೀವೇನು ನನ್ನ ಹೆಂಡ್ತೀನಾ?"

ಹೆದರಿದ ಕಿವಿಗೆ ಅಸಲಿ ಯಾವುದು, ನಕಲಿ ಯಾವುದು! ಹಗಲಪ್ಪ ಎದ್ದು ನಿಂತೇ "ಆಯ್ತು ಸಾರ್" ಎಂದ.

ಕತ್ತಲು ದೊಪ್ಪನೆ ಬಿತ್ತು. ಮೇಸ್ತ್ರಿ ಟಾರ್ಚನ್ನು ಗೋಡೆಗೆ ಆನಿಸಿದ. ಕಿಟಕಿಯ ನೆತ್ತಿಯ ಮೇಲೆ ಕಲ್ಲುಗಳು ಬಸುರಿಯ ಹೊಟ್ಟೆಯಂತೆ ಉಬ್ಬಿ ನಿಂತಿದ್ದವು. ಉಬ್ಬಿನ ನೆರಳು ಮೊಳ ಉದ್ದ. ಒಳಗೆಲ್ಲೋ ಕಲ್ಲಿನ ಮೇಲೆ ಕಲ್ಲು ಜರುಗಿ 'ಕಟ್' ಎಂದಿತು.

"ಮಗು ಎಲ್ಲಿ?" ಮೇಸ್ತ್ರಿ ಪಿಸುಗುಟ್ಟಿದ.

ಹಗಲಪ್ಪ ಓಡಿದ. ಮಗಳನ್ನು ಹಾಸಿಗೆ ಸಮೇತ ಬಾಚಿಕೊಂಡು, ಹೆಂಡತಿಗೆ ಒಲೆ ಆರಿಸಲೂ ಬಿಡದೆ ಎಳೆದುಕೊಂಡು ಬೀದಿಯ ಆ ತುದಿಗೆ ಬಂದು ನಿಂತ. ಮೇಸ್ತ್ರಿಯೂ ಭಾವಮೈದನೂ ಹಿಂದೆಯೇ ಓಡಿಬಂದರು.

"ಅಧ್ಯಕ್ಷರು ಪುಣ್ಯಾತ್ಮರು ಕಣೋ," ಏದುಸಿರಿನಲ್ಲೇ ಫೋನು ತೆಗೆದ. "ಮೊದಲು ಅವರಿಗೆ ಕೈಮುಗೀಬೇಕು."

"ಬೇಡ ಭಾವ..." ಎಂದು ಕೈಹಿಡಿದ ಭಾವಮೈದ, ಉಳಿದದ್ದನ್ನು ಮೂಗಿನಲ್ಲಿ ಮುಗಿಸಿದ: "...ಮುಗಿದಾಯ್ತಲ್ರೀ, ಹ್ಞಾಂ?"

ಮೊದಲು ಹೆಂಡತಿ ಕಿಸಕ್ಕೆಂದಳು, ಆಮೇಲೆ ಮೇಸ್ತ್ರಿ. ಹಗಲಪ್ಪ ಮಗಳನ್ನು ಎದೆಗೆ ಅವುಚಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕ. ಬುರುಜು ಮತ್ತೆ 'ಕಟ್' ಎಂದಿತು. ಉಳಿದವರ ನಗು ಅಲ್ಲಿಗೇ ನಿಂತಿತು. ಅವನದು ನಿಲ್ಲಲೇ ಇಲ್ಲ.