ತೊಳೆಯದೆ ಉಳಿದ ರೋಲು

ಮಗ ಆ ಕಪ್ಪು ಡಬ್ಬಿಯ ಮುಚ್ಚಳವನ್ನು ಅರ್ಧ ತಿರುಗಿಸಿದ್ದ.

“ತೆಗೀಬೇಡ! ಕೈ ಬಿಡು!”

ಬೆಳಗಿನಿಂದ ಗೋಡೆಗೊರಗಿ ಕೂತಿದ್ದ ತಾಯಿ ಕೂಗಿದಳು. ಹಜಾರದಲ್ಲಿ ಗಂಡನ ದೇಹ, ಸುತ್ತ ನೆಂಟರು. ಬಂದವರು ಕೈಕಾಲು ತೊಳೆಯಲೆಂದು ಮಗ ಬಚ್ಚಲು ಖಾಲಿ ಮಾಡುತ್ತಿದ್ದ. ಅಪ್ಪ ಫೋಟೋ ತೊಳೆಯುವ ಡಾರ್ಕ್‌ರೂಮೂ ಅದೇ ಬಚ್ಚಲು.

ಆಕೆ ಎದ್ದು ಬಂದು ಡಬ್ಬಿ ಕಸಿದು ಮುಚ್ಚಳ ಬಿಗಿ ಮಾಡಿದಳು. “ಒಳಗೆ ಫಿಲ್ಮ್ ರೋಲಿದೆ. ಬೆಳಕು ಬಿದ್ರೆ ಎಲ್ಲಾ ಹೋಯ್ತು. ನಿನ್ನೆ ರಾತ್ರಿ ನಿಮ್ಮಪ್ಪ ಸುತ್ತಿಟ್ರು. ಬೆಳಗ್ಗೆ ಎದ್ದು ತೊಳೀತೀನಿ ಅಂದ್ರು.”

ಬೆಳಗ್ಗೆ ಅವರು ಏಳಲಿಲ್ಲ.

“ಆಮೇಲೆ ನೋಡೋಣಮ್ಮ. ಇನ್ನೊಂದು ಗಂಟೇಲಿ ಗಾಡಿ ಬರುತ್ತೆ.”

“ಅಷ್ಟರಲ್ಲಿ ಆಗುತ್ತೆ.”

ನಾದಿನಿ ಹತ್ತಿರ ಬಂದು ಪಿಸುಗುಟ್ಟಿದಳು. “ಅತ್ತಿಗೆ, ಜನ ಏನಂದ್ಕೋತಾರೆ?”

“ಅಂದ್ಕೊಳ್ಳಲಿ. ರೋಲು ಹೇಗೆ ಬಂದಿದೆ ಅಂತ ನೋಡದೆ ನಿಮ್ಮಣ್ಣ ಎಲ್ಲಿಗಾದ್ರೂ ಹೊರಟಿದ್ದುಂಟಾ?”

*

ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಅವರು ಊರಿನ ಫೋಟೋ ಸ್ಟುಡಿಯೋದ ಮುದುಕನೊಬ್ಬನ ಬಳಿ ಈ ವಿದ್ಯೆ ಕಲಿಯಲು ಹೋದರು. ಮೊದಲ ರೋಲು ಪೂರ್ತಿ ಕಪ್ಪಾಗಿ ಬಂತು. ಚಿತ್ರ ಬಿದ್ದಿದೆಯೋ ಇಲ್ಲವೋ ಎಂದು ಕ್ಯಾಮೆರಾ ತೆರೆದು ಇಣುಕಿದ್ದರಂತೆ!

“ಅಮಾವಾಸ್ಯೆ ಫೋಟೋ ತೆಗೆದ್ರಾ?” ಆಕೆ ಬಿದ್ದು ಬಿದ್ದು ನಕ್ಕಿದ್ದಳು. “ಈ ವಯಸ್ಸಲ್ಲಿ ಬೇಕಿತ್ತಾ ಇದು?”

“ಮೂವತ್ತು ವರ್ಷ ರಸ್ತೇನೇ ನೋಡಿದೆ,” ಎಂದರು ಅವರು. “ನಿನ್ನನ್ನ ನೋಡೋದು ಬಾಕಿ ಇದೆ ಕಣೇ.”

ಅಂದಿನಿಂದ ರಾಸಾಯನಿಕದ ಪುಡಿ ಕದಡುವುದು, ನೀರಿನ ಹದ ನೋಡುವುದು ಆಕೆಯ ಪಾಲಿಗೆ ಬಂತು. ಅವರ ಕೈ ನಡುಗಲು ಶುರುವಾದ ಮೇಲೆ ಡಬ್ಬಿ ಅಲುಗಿಸುವುದೂ.

*

ಅಡುಗೆಮನೆಯಲ್ಲಿ ಆಕೆ ಚಿತ್ರ ಮೂಡಿಸುವ ಡೆವಲಪರ್ ಬೆರೆಸಿ, ಬೆರಳದ್ದಿ ನೋಡಿ, ಡಬ್ಬಿಯ ನೆತ್ತಿಯಲ್ಲಿದ್ದ ಬೆಳಕು ನುಗ್ಗದ ತೂತಿಗೆ ಸುರಿದು ಬಿರಡೆ ಒತ್ತಿದಳು.

“ಗಡಿಯಾರ ನೋಡು. ನಿಮಿಷಕ್ಕೊಂದು ಸಲ ಹೇಳು.”

ಮಗ ಹೇಳುತ್ತ ಹೋದ, ಆಕೆ ಡಬ್ಬಿ ಮಗುಚುತ್ತ ಹೋದಳು. ಎಂಟನೆಯ ನಿಮಿಷಕ್ಕೆ ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಎಂಟು ಬೆರಳು ಎತ್ತಿ ತೋರಿಸಿದ. ಆಕೆ ಮೊಣಕೈಯಿಂದ ಅವನ ಪಕ್ಕೆಯನ್ನು ಮೆಲ್ಲಗೆ ತಿವಿದಳು. “ಅಳು, ಪರವಾಗಿಲ್ಲ. ಗಡಿಯಾರ ಮಾತ್ರ ಬಿಡಬೇಡ.”

ಮೂಡಿದ ಚಿತ್ರ ನಿಲ್ಲಿಸುವ ಫಿಕ್ಸರ್ ಹಾಕಿದ್ದೂ ಆಯಿತು. ಫಿಲ್ಮನ್ನು ನಲ್ಲಿಯ ಕೆಳಗೆ ತೊಳೆಯುತ್ತಿದ್ದಾಗಲೇ ಹೊರಗೆ ಗಾಡಿ ನಿಂತ ಸದ್ದು ಕೇಳಿಸಿತು.

“ಎತ್ತೋಣವಾ?” ಎಂದರು ಯಾರೋ.

“ತಡೀರಿ,” ಎಂದಳು ನಾದಿನಿಯೇ. “ಅತ್ತಿಗೆ ಬರ್ಲಿ.”

ಆಕೆ ಒದ್ದೆ ಫಿಲ್ಮನ್ನು ತಂದು ಗಂಡನ ತಲೆದೆಸೆಯ ಕಿಟಕಿಯ ಬೆಳಕಿಗೆ ಹಿಡಿದಳು. ಸಾಲಾಗಿ ಆಕೆಯೇ: ಬಟ್ಟೆ ಮಡಚುತ್ತ, ಸೂಜಿಗೆ ದಾರ ಪೋಣಿಸುತ್ತ, ‘ಸಾಕು ನಿಲ್ಸಿ’ ಎಂದು ಕೈ ಅಡ್ಡ ಹಿಡಿಯುತ್ತ. ಕೊನೆಯದರಲ್ಲಿ ಮಾತ್ರ ಇಬ್ಬರೂ ಇದ್ದರು. ಅವರು ಕ್ಯಾಮೆರಾವನ್ನು ಕುರ್ಚಿಯ ಮೇಲಿಟ್ಟು, ತಾನೇ ಕ್ಲಿಕ್ಕಿಸುವ ಗುಂಡಿ ಒತ್ತಿ, ಓಡಿ ಬಂದು ಆಕೆಯ ಪಕ್ಕದಲ್ಲಿ ಕೂತಿದ್ದರು. ಏದುಸಿರಿಗೆ ತೆರೆದ ಬಾಯಿ ಮುಚ್ಚಿಯೂ ಇರಲಿಲ್ಲ. ನೆಗೆಟಿವ್‌ನಲ್ಲಿ ಬಿಳಿಯೆಲ್ಲ ಕಪ್ಪು. ಭುಜಕ್ಕೆ ಭುಜ ತಾಗಿಸಿ ಕೂತ ಇಬ್ಬರ ನರೆತ ತಲೆಗೂದಲೂ ಮದುವೆಯ ದಿನದ ಹಾಗೆ ಕಡುಗಪ್ಪಾಗಿತ್ತು.